ಹಳಿ ಇಲ್ಲದ ಊರಿನ ರೈಲಿನ ಪದ

ಅಳಿಯ: ಅತ್ತಿ, ರೈಲಿನ ಮ್ಯಾಲ ಕಟ್ಟಿದ ನಗೆಪದಾ ಕೂಡಿಸ್ಲಾಕತ್ತೀನಿ ಅಂದ್ರ ಇಲ್ಲಿ ಮಂದಿ ನನ್ನ ಮಾರಿನೇ ನೋಡ್ತಾರ. "ಯೆಣೆಗೂರದಾಗ ಹಳಿ ಎಲ್ಲದ, ಪದ ಎಲ್ಲಿಂದ ಬರಬೇಕು?" ಅಂತಾರ.

ಅತ್ತಿ: ಹಳಿ ಇಲ್ಲಂತನೇ ಪದ ಅವ. ಮನಿ ಮುಂದ ಗಾಡಿ ನಿಂತ್ರ ಮಂದಿ ಹತ್ತಿ ಹೋಗ್ತಾರ, ಪದ ಯಾರು ಕಟ್ಟತಾರ? ನಮಗ ಗಾಡಿ ಹಿಡೀಬೇಕಂದ್ರ ಮದಲ ಹೈದರಾಬಾದ ರಸ್ತಾದ ಮ್ಯಾಲ ಹೋಗಿ ನಿಂದರಬೇಕು. ಯಸ್ಟಿ ಬಸ್ಸು ಬರಬೇಕು. ಬಂದದ್ದು ನಿಂದರಬೇಕು. ನಿಂತದ್ದರಾಗ ಕಾಲಿಡಲಾಕ ಜಾಗಾ ಇರಬೇಕು. ಸೊಲ್ಲಾಪುರದಾಗ ಇಳದು, ರಿಕ್ಷಾದವನ ಕೂಡ ವಾದ ಮಾಡಿ, ಠೇಸನ್ ಮುಟ್ಟಬೇಕು. ಮುಟ್ಟಿದ ಮ್ಯಾಲ ಗಾಡಿ ಮೂರು ತಾಸು ಲೇಟ ಅಂತ ಹೇಳ್ತಾರ. ಅಷ್ಟೊತ್ತು ಗಂಟಿನ ಮ್ಯಾಲ ಕುಂತ ಹೆಣ್ಣುಮಕ್ಕಳ ಬಾಯಿ ಸುಮ್ಮನಿರ್ತದೇನು?

ಅಳಿಯ: ನಕಾಶಿ ಮುಂದಿಟ್ಟುಕೊಂಡು ನೋಡಿದ್ರ ಈ ಮಾತು ಇನ್ನೂ ಚಂದ ಕಾಣ್ತದ. ಪಡುವಣಕ್ಕ ಸೊಲ್ಲಾಪುರ, ತೆಂಕಣಕ್ಕ ಕಲಬುರಗಿ, ಬಡಗಣಕ್ಕ ಲಾತೂರ, ಮೂಡಲಕ್ಕ ಉದಗೀರ, ಬೀದರ. ನಾಲ್ಕೂ ಕಡೆ ರೈಲ ಅದ. ನಡುವ ನಮ್ಮ ಉಮರ್ಗಾ ತಾಲೂಕು ಅದ, ಅಲ್ಲಿ ಒಂದು ಗೇಣು ಹಳಿ ಇಲ್ಲ. ಇಂಗ್ರೇಜರ ಜಿ.ಐ.ಪಿ. ಕಂಪನಿ ಮುಂಬೈಯಿಂದ ಹಳಿ ಹಾಕ್ಕೋತ 1860ಕ್ಕ ಸೊಲ್ಲಾಪುರ ಮುಟ್ಟಿತು, 1871ಕ್ಕ ರಾಯಚೂರ ಮುಟ್ಟಿ ಮದ್ರಾಸಿನ ಹಳಿಗೆ ಕೂಡಿತು. 1874ಕ್ಕ ನಿಜಾಮ ಸರಕಾರದವರು ವಾಡಿಯಿಂದ ಸಿಕಂದರಾಬಾದಿಗೆ ತಮ್ಮ ಹಾದಿ ಹಾಕಿದ್ರು. ಉದಗೀರದ ಹಾದಿನೂ ನಿಜಾಮನ ಕಾಲದ್ದೇ, ವಿಕಾರಾಬಾದಿನಿಂದ ಬೀದರ ಹಾಯ್ದು ಪರಳಿಗೆ ಹೋಗೂದು. ಹತ್ತಿ ಎಲ್ಲಿ, ಫೌಜು ಎಲ್ಲಿ, ಬಂದರಕ್ಕ ನೀಟ ಹಾದಿ ಯಾವುದು, ಅದನ್ನ ನೋಡಿ ಗೀಟು ಎಳದ್ರು. ನಮ್ಮ ಊರುಗಳು ಆ ಗೀಟಿನ ಕೆಳಗ ಬರಲಿಲ್ಲ.

ಅತ್ತಿ: ಇದನ್ನೇ ನಾವು ಮೂರು ಸಾಲಿನಾಗ ಹಾಡ್ತಿದ್ವಿ. ಬರಕೋ.

ಸೊಲ್ಲಾಪುರ ಗಾಡಿ ಕೂಗೀತು, ಕಲಬುರಗಿ ಗಾಡಿ ಕೂಗೀತು,
ಉದಗೀರ ಗಾಡಿ ಕೂಗೀತು – ಯೆಣೆಗೂರ
ಹಾದ್ಯಾಗ ಯಸ್ಟಿ ಕೆಟ್ಟೀತೊ.

ಅಳಿಯ: ಇದು ಯಾರು ಕಟ್ಟಿದ್ದು?

ಅತ್ತಿ: ನಾ ಮತ್ತ ನಿಮ್ಮ ದೊಡ್ಡವ್ವ ಕೂಡಿ. ಮದಲನೇ ಎರಡು ಸಾಲು ಆಕೀದು. ಯಸ್ಟಿ ಕೆಡಿಸಿದಾಕಿ ನಾ. ಆಗ ನಾವು ಹಗಲೆಲ್ಲ ಹೊಲದಾಗ ಕಳೇ ತಗೀತಿದ್ವಿ. ಸಾಲು ಹಿಡದು ಬಗ್ಗಿ ಕುಂತಾಗ ಒಬ್ಬಾಕಿ ಒಂದು ಎಳಿ ಎತ್ತತಿದ್ಲು, ಮತ್ತೊಬ್ಬಾಕಿ ಮುಗಸ್ತಿದ್ಲು. ಬ್ಯಾಸರಾದಾಗ ದೇವರ ಪದ ಬರೂದಿಲ್ಲ ತಮ್ಮಾ, ಅಣಕದ ಪದನೇ ಬರ್ತಾವ.

ಅಳಿಯ: ನಾ ಕೇಳಬೇಕಂತಿದ್ದುದು ಇದನ್ನೇ. ಗಂಡಸರೂ ರೈಲಿನ ಮ್ಯಾಲ ಗೊಣಗ್ತಾರ. ಕಟ್ಟಿ ಮ್ಯಾಲ ಕುಂತು ಟೀಸಿ ಹಂಗ ಮಾಡಿದ, ಸೀಟು ಸಿಗಲಿಲ್ಲ, ಚಹಾ ನೀರಿನಂಗಿತ್ತು ಅಂತ ಹೇಳ್ತಾರ. ಅದು ಅವತ್ತಿಗೇ ಮುಗೀತದ. ನಿಮ್ಮ ಗೊಣಗಾಟ ಮಾತ್ರ ಪದ ಆಗಿ ಇಷ್ಟು ವರ್ಷ ಉಳೀತು. ಯಾಕ?

ಅತ್ತಿ: ನಮಗ ಮದಲೇ ರೂಢಿ ಇತ್ತಲ್ಲ. ಮದಿವ್ಯಾಗ ಬೀಗರಿಗಿ ಅಣಕ ಹಾಡೂದು ಯಾರು ಕಲಿಸಬೇಕು? ಬೀಗತಿ ಉಂಡದ್ದು, ಬೀಗ ಮಲಗಿದ್ದು, ಗಂಡಿನವರು ಹೊತ್ತು ಮುಳಗಿದ ಮ್ಯಾಲ ಬಂದದ್ದು, ಎಲ್ಲಾ ಪದದಾಗ ಬರ್ತಿತ್ತು. ರೈಲೂ ಬೀಗರಂಗ ನಡಕೊಂಡಿತು. ಹೇಳಿದ ಹೊತ್ತಿಗಿ ಬರೂದಿಲ್ಲ, ಬಂದ್ರ ನಿಂದರೂದಿಲ್ಲ, ನಿಂತ್ರ ಮಾತಾಡ್ಸೂದಿಲ್ಲ. ಅದಕ್ಕ ಅದನ್ನೂ ಅಳಿಯನ ಮಾಡಿಕೊಂಡ್ವಿ.

ಹತ್ತಕ್ಕ ಬರತೀನಂತಂದಿ, ಹನ್ನೆರಡಾತು, ಹಗಲ್ಹೋತು,
ಹೊತ್ತ ಮುಳಗಿದ ಮ್ಯಾಲ ಬಂದೆಲ್ಲೊ – ನಮ ಅಳಿಯಾ
ಹಬ್ಬದ ಹೋಳಿಗಿ ಹಳಸ್ಯಾವೊ.

ಅಳಿಯ: ಇಲ್ಲಿ ಒಂದು ಗಮನಿಸಬೇಕಾದ್ದದ ಅತ್ತಿ. ಬೀಗರಿಗೆ ಹಾಡೂ ಪದ ಬೈಗಳ ಅಲ್ಲ. ಕೇಳಿಸಿಕೊಂಡವರು ಸಿಟ್ಟಾಗಬಾರದು ಅನ್ನೂದು ಕಟ್ಟಳೆ. ಹಂಗಂದ್ರ ಯಾರ ಮ್ಯಾಲ ಹಕ್ಕದ ಅವರನ್ನಷ್ಟೇ ಅಣಕಸ್ತೀವಿ. ನಿಮ್ಮ ಪದದಾಗ ರೈಲಿಗೆ ಶಾಪ ಇಲ್ಲ. "ಯಾಕ ತಡಾ ಮಾಡಿದಿ?" ಅಂತ ಕೇಳೂದದ. ಹೋಳಿಗಿ ಇಟಗೊಂಡು ಕಾದವರು ಕೇಳ್ತಾರಲ್ಲ, ಹಂಗ.

ಅತ್ತಿ: ಶಾಪ ಯಾಕ ಹಾಕಬೇಕು? ಅದೇ ಗಾಡಿ ನಮ್ಮ ಹುಡುಗರನ್ನ ಮುಂಬೈಗಿ ಒಯ್ದು ಹೊಟ್ಟಿಗಿ ಹಾಕ್ಯದ. ಬರಗಾಲದಾಗ ಸೊಲ್ಲಾಪುರ ಗಿರಣಿಗಿ ಹೋದವರು, ಪುಣೇಕ ಕಟ್ಟಡ ಕೆಲಸಕ್ಕ ಹೋದವರು, ಯಾರ ಮನ್ಯಾಗಿಲ್ಲ? ಆದ್ರ ತಡಾ ಯಾಕ ಮಾಡ್ತದ ಅಂತ ನಂಗ ಇವತ್ತಿಗೂ ತಿಳದಿಲ್ಲ. ನೀ ಓದಿದಾಂವ, ಹೇಳು ನೋಡಮು.

ಅಳಿಯ: ಉದಗೀರದ ಹಾದಿನೇ ತಗೋ. ಅಲ್ಲಿ ಒಂದೇ ಹಳಿ. ಎದುರಿಗೆ ಗಾಡಿ ಬಂತಂದ್ರ ಎರಡರಾಗ ಒಂದು ಯಾವುದಾದ್ರೂ ಸಣ್ಣ ಸ್ಟೇಷನ್ನಿನ ಲೂಪ್ ಲೈನಿಗೆ ಸರದು ನಿಲ್ಲಬೇಕು. ಯಾವುದು ನಿಲ್ಲಬೇಕು ಅನ್ನೂದು ಕಂಟ್ರೋಲ್ ಆಫೀಸಿನವರು ಠರಾಯಿಸ್ತಾರ. ಎಕ್ಸ್‌ಪ್ರೆಸ್ಸಿಗೆ ಮೊದಲು ಹಾದಿ, ಪ್ಯಾಸೆಂಜರಿಗೆ ಆಮ್ಯಾಲ. ಹಿಂದಿಂದ ಎಕ್ಸ್‌ಪ್ರೆಸ್ ಬಂದ್ರೂ ಪ್ಯಾಸೆಂಜರೇ ಸರೀಬೇಕು. ಒಂದು ಕಡೆ ಅರ್ಧ ತಾಸು ನಿಂತ್ರ ಮುಂದಿನ ಕ್ರಾಸಿಂಗಿನ ಲೆಕ್ಕನೂ ತಪ್ಪತದ, ಅಲ್ಲೂ ನಿಲ್ಲತದ. ಹತ್ತು ನಿಮಿಷದ ತಡ ಸಂಜಿತನಕ ಎರಡು ತಾಸಾಗೂದು ಹಿಂಗ. ಡ್ರೈವರನ ಕೈಯಾಗ ಏನೂ ಇರೂದಿಲ್ಲ, ಕೆಂಪು ದೀಪದ ಮುಂದ ಅವನೂ ನಮ್ಮಂಗನೇ ಕುಂತಿರ್ತಾನ.

ಅತ್ತಿ: ಅಂದ್ರ ಕಡಿಮಿ ರೊಕ್ಕ ಕೊಟ್ಟವರು ಜಾಸ್ತಿ ರೊಕ್ಕ ಕೊಟ್ಟವರಿಗಿ ಹಾದಿ ಬಿಡಬೇಕು.

ಅಳಿಯ: ನೀಟಾಗಿ ಹೇಳಿದ್ರ ಅಷ್ಟೇ.

ಅತ್ತಿ: ಹಂಗಾರ ಅಳಿಯನ ಮ್ಯಾಲ ತಪ್ಪಿಲ್ಲ. ಪದಕ್ಕ ಇನ್ನೊಂದು ನುಡಿ ಹಚ್ಚಬೇಕಾಗ್ತದ, ದೊಡ್ಡಳಿಯನ ಹೆಸರೀಲೆ. ಆಮ್ಯಾಲ ಹಚ್ತೀನಿ. ನಮ್ಮಜ್ಜ ಹೇಳೂ ಗಾಡಿ ಮಾತ್ರ ಯಾರಿಗೂ ಹಾದಿ ಬಿಡಬೇಕಾಗಿರಲಿಲ್ಲ. ಅದು ತಾನೇ ನಡೀತಿರಲಿಲ್ಲ.

ಅಳಿಯ: ಬಾರ್ಶಿ ಗಾಡಿ?

ಅತ್ತಿ: ಹೂಂ, ಅದೇ. ಪಂಢರಪುರದ ವಾರಿಗಿ ಹೋದಾಗ ಕುರ್ಡುವಾಡಿಯೊಳಗ ದೊಡ್ಡ ಗಾಡಿ ಇಳದು ಸಣ್ಣ ಗಾಡಿ ಹತ್ತಬೇಕಾಗ್ತಿತ್ತಂತ. ಅಜ್ಜ ಹೇಳೂದು ಕೇಳಬೇಕಿತ್ತು ನೀ. ಏರು ಬಂತಂದ್ರ ಗಾಡಿ ಉಸಿರು ಹಾಕಿ ನಿಂದರ್ತಿತ್ತು. ಮಂದಿ ಇಳದು, ಬಾಜೂ ಹೊಲದಾಗ ಕಡಲಿಗಿಡ ಕಿತ್ತಿ, ತಿನ್ಕೋತ ನಡದು, ಮ್ಯಾಲ ಹೋಗಿ ಮತ್ತ ಅದೇ ಡಬ್ಬಿ ಹತ್ತತಿದ್ರಂತ. ಹೊಲದವರು ರೈಲಿನ ಮ್ಯಾಲ ಕೂಗಾಡ್ತಿದ್ರಂತ. ಬಿಳಿ ಧೋತರ ಉಟ್ಟು ಹೋದಾಂವ ವಿಠ್ಠಲನ ಬಣ್ಣ ಆಗಿ ಇಳೀತಿದ್ದ ಅಂತ ಅಜ್ಜ ನಗ್ತಿದ್ದ. ಹೊಗಿ ಅಷ್ಟು.

ಅಳಿಯ: ಅದು ಯಾಕ ಹಂಗಿತ್ತು ಅಂದ್ರ, ಅದನ್ನ ಕಟ್ಟಿದ್ದೇ ಹಂಗ. ಎವರಾರ್ಡ್ ಕಾಲ್‌ತ್ರಾಪ್ ಅಂತ ಇಂಜಿನಿಯರ್. ಹಳಿ ನಡುವ ಎರಡೂವರಿ ಅಡಿ ಅಷ್ಟೇ ಇರಬೇಕು, ಒಂದೊಂದು ಅಚ್ಚಿನ ಮ್ಯಾಲ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು, ಅಂದ್ರ ಹಗುರ ಹಳಿ ಸಾಕಾಗ್ತದ, ಖರ್ಚು ಕಡಿಮಿ ಅಂತ ಅವನ ವಿಚಾರ. 1897ಕ್ಕ ಕುರ್ಡುವಾಡಿಯಿಂದ ಬಾರ್ಶಿಗೆ ಶುರು ಆಯ್ತು. 1906ಕ್ಕ ಪಂಢರಪುರ, 1911ಕ್ಕ ಲಾತೂರ, 1927ಕ್ಕ ಮಿರಜ. ಜೋರಾಗಿ ಓಡಲಿ ಅಂತ ಕಟ್ಟಿದ ಗಾಡಿ ಅಲ್ಲ ಅದು, ಬಡ ಸೀಮೆಗೂ ರೈಲ ಮುಟ್ಟಲಿ ಅಂತ ಕಟ್ಟಿದ್ದು. ನನಗ ಆ ಕಾಲ್‌ತ್ರಾಪನ ಮ್ಯಾಲ ಭಾಳ ಗೌರವ ಅದ. ರೊಕ್ಕ ಇಲ್ಲಂತ ಹಳಿನೇ ಬ್ಯಾಡ ಅನ್ನಲಿಲ್ಲ ಅಂವ, ಸಣ್ಣದಾದ್ರೂ ಹಾಕಮು ಅಂದ. ಅಂಥಾ ಒಬ್ಬಾಂವ ನಮ್ಮ ಕಡಿಗೂ ಬಂದಿದ್ರ ಎಷ್ಟು ಛಲೋ ಇತ್ತು. 2007–08ರ ಸುಮಾರಿಗೆ ಲಾತೂರದಿಂದ ಕುರ್ಡುವಾಡಿತನಕ ದೊಡ್ಡ ಹಳಿ ಆಯ್ತು, ಸಣ್ಣ ಗಾಡಿ ಹೋಯ್ತು.

ಅತ್ತಿ: ಅದೇ ಹಾದಿ ಹಿಡದಲ್ಲ ನೀರಿನ ಗಾಡಿ ಬಂದದ್ದು?

ಅಳಿಯ: ಅದೇ ಹಾದಿ. 2016ರ ಏಪ್ರಿಲ್. ಲಾತೂರದಾಗ ನಳಕ್ಕ ನೀರು ಬಂದು ತಿಂಗಳಾಗಿತ್ತು. ಮಿರಜದಾಗ ತುಂಬಿ, ಪಂಢರಪುರ, ಕುರ್ಡುವಾಡಿ ಹಾಯ್ದು ಸುಮಾರು 340 ಕಿಲೋಮೀಟರ್ ಬಂತು. ಮೊದಲನೇ ಗಾಡಿಗೆ ಹತ್ತು ಟ್ಯಾಂಕರ್ ಡಬ್ಬಿ, ಐದು ಲಕ್ಷ ಲೀಟರ್. ಆಮ್ಯಾಲ ಐವತ್ತು ಡಬ್ಬಿ ಹಚ್ಚಿ 25 ಲಕ್ಷ ಲೀಟರ್ ತಂದ್ರು. ಜಲದೂತ ಅಂತ ಹೆಸರಿಟ್ಟಿದ್ರು.

ಅತ್ತಿ: ಅವತ್ತು ನಾ ಲಾತೂರದಾಗೇ ಇದ್ದೆ, ನಿಮ್ಮಕ್ಕನ ಬಾಣಂತನಕ್ಕ. ಓಣ್ಯಾಗ ಕೊಡದ ಪಾಳಿ ಹಚ್ಚಿ ಹೆಂಗಸರು ಕುಂತಿದ್ರು. ಒಬ್ಬಾಕಿ ಕೊಡಕ್ಕ ಕೆಂಪು ಚಿಂದಿ ಕಟ್ಟಿದ್ಲು, ಇನ್ನೊಬ್ಬಾಕಿ ಹೆಸರು ಕೆತ್ತಿಸಿದ್ಲು, ಯಾರೂ ಪಾಳಿ ಬಿಡವರಲ್ಲ. ನೀರಿನ ಗಾಡಿ ಬಂತಂತ ಸುದ್ದಿ ಬಂದಾಗ ಮರಾಠಿ ಹೆಂಗಸರು ಕುಂಕುಮ ಆರತಿ ತಗೊಂಡು ಹೋಗಮು ಅಂದ್ರು. ಆ ಗಾಡಿ ಎಷ್ಟು ತಡಾ ಆಗಿ ಬಂತೋ ನಂಗೊತ್ತಿಲ್ಲ. ಅದರ ಮ್ಯಾಲ ಒಂದು ಅಣಕದ ಎಳಿನೂ ಬರಲಿಲ್ಲ ಬಾಯಾಗ. ನಾ ಇಷ್ಟು ಪದ ಕಟ್ಟದಾಕಿ, ಅವತ್ತು ಸುಮ್ಮ ಕುಂತಿದ್ದೆ.

ಅಳಿಯ: ಅದನ್ನೂ ಬರಕೋತೀನಿ. ಯಾವ ಗಾಡಿ ಮ್ಯಾಲ ಪದ ಹುಟ್ಟಲಿಲ್ಲ ಅನ್ನೂದೂ ಗೊತ್ತಿರಬೇಕು.

ಅತ್ತಿ: ಬರಕೋ. ಆದ್ರ ಪದ ಅಂದ್ರ ನಾವು ಕಟ್ಟಿದ್ದಷ್ಟೇ ಅಲ್ಲ. ಡಬ್ಬಿಯೊಳಗ ಹಾಡಕೋತ ಬರವರನ್ನ ಮರೀಬ್ಯಾಡ.

ಅಳಿಯ: ಮರೆಯೂದಿಲ್ಲ. ವಾಡಿ ಪ್ಯಾಸೆಂಜರದಾಗ ನೋಡಿದ ಒಬ್ಬ ಹುಡುಗನ ಕೈ ನನ್ನ ಕಣ್ಣ ಮುಂದ ಇನ್ನೂ ಅದ. ದುಧನಿ ದಾಟಿದ ಮ್ಯಾಲ ಹತ್ತಿದ. ಹತ್ತೋ ಹನ್ನೆರಡೋ ವರ್ಷ ಇರಬೇಕು. ಬಲಗೈಯಾಗ ಎರಡು ಚಪ್ಪಟೆ ಕಲ್ಲಿನ ತುಂಡು. ಹಳೇ ಪಾಟಿ ಒಡದಾಗ ಸಿಗ್ತಾವಲ್ಲ, ಅಂಥಾವು, ಅಂಚು ತಿಕ್ಕಿ ನುಣುಪು ಮಾಡಿದ್ದ. ಒಂದು ತುಂಡು ಹೆಬ್ಬೆರಳಿನ ಬುಡಕ್ಕ, ಇನ್ನೊಂದು ನಡುಬೆರಳಿನ ಸಂದಿಗೆ. ಮಣಿಕಟ್ಟು ಮಾತ್ರ ಅಲಗಾಡ್ತದ, ಬೆರಳು ಅಲಗಾಡೂದಿಲ್ಲ. ಕಟಕಟ ಕಟಕಟ ಅಂತ ಗಾಲಿ ಹಳಿ ಜೋಡ ದಾಟೂ ಸಪ್ಪಳಕ್ಕ ತಾಳ ಕೂಡಿಸಿದ. ಗಾಡಿ ನಿಧಾನ ಆದ್ರ ಅವನ ತಾಳನೂ ನಿಧಾನ. ಸಿನಿಮಾ ಹಾಡು ಹಿಡದು, ನಡುವ ತಂದೊಂದು ಸಾಲು ಹಾಕ್ತಿದ್ದ. ಮಗ್ಗಲಿಗೆ ಕುಂತ ದಪ್ಪನ್ನ ಮಾವನ ಹೊಟ್ಟಿ ಮ್ಯಾಲೊಂದು, ಬರ್ತಿನ ಮ್ಯಾಲ ಕಾಲ ಚಾಚಿದವನ ಮ್ಯಾಲೊಂದು. ಡಬ್ಬಿ ಎಲ್ಲ ನಕ್ಕಿತು, ಕಾಲ ಚಾಚಿದಾಂವ ಕಾಲ ಮಡಚಿಕೊಂಡು ಒಬ್ಬ ಮುದುಕಿಗೆ ಜಾಗಾ ಕೊಟ್ಟ. ಟೀಸಿ ಕಡಿಂದ ಆಗದ ಕೆಲಸ ಆ ಹುಡುಗನ ಕಲ್ಲಿನ ತಾಳದಿಂದ ಆಯ್ತು.

ಅತ್ತಿ: ಅಂಥವರನ್ನ ಪೊಲೀಸರು ಇಳಸ್ತಾರ.

ಅಳಿಯ: ಇಳಸ್ತಾರ. 1989ರ ರೈಲ್ವೆ ಕಾಯ್ದೆಯ 144ನೇ ಕಲಂ ಪ್ರಕಾರ ಗಾಡಿಯೊಳಗ ಲೈಸೆನ್ಸ್ ಇಲ್ಲದ ಮಾರೂಹಂಗಿಲ್ಲ, ಭಿಕ್ಷಾ ಬೇಡೂಹಂಗಿಲ್ಲ. ಹಾಡೂದಕ್ಕ ಬ್ಯಾರೆ ಕಲಂ ಇಲ್ಲ, ಅದನ್ನೂ ಭಿಕ್ಷಾದಾಗೇ ಹಾಕ್ತಾರ. ಆ ಹುಡುಗ ಸಾಲಿಯೊಳಗ ಇರಬೇಕಾಗಿತ್ತು, ಅದರಾಗ ನನಗ ಎರಡು ಮಾತಿಲ್ಲ. ಆದ್ರ ಅವನ ಹಾಡನ್ನ ಭಿಕ್ಷಾ ಅಂತ ಕರೀಲಾಕ ನನ್ನ ಮನಸ್ಸು ಒಪ್ಪೂದಿಲ್ಲ. ಮುಂಬೈ ಲೋಕಲ್ಲಿನಾಗ ಆಫೀಸಿಗೆ ಹೋಗವರು ದಿನಾ ತಾಳ ಹಿಡದು ಭಜನಾ ಮಾಡ್ಕೋತ ಹೋಗ್ತಾರ, ಅದಕ್ಕ ಭಜನಾ ಮಂಡಳಿ ಅಂತೀವಿ.

ಅತ್ತಿ: ನೀ ಇಷ್ಟೆಲ್ಲ ಕೂಡಿಸ್ತಿ, ಹಾಡಿದ್ರಿಂದ ರೈಲಿನವರಿಗಿ ಏನಾರ ಮುಟ್ಟತದೇನು?

ಅಳಿಯ: ನನಗೂ ಇದೇ ಕಾಡ್ತದ. ಅರ್ಜಿ ಬರದ್ರ ಮುಟ್ಟಿದ್ದುಂಟು. ದಿಲ್ಲಿಯ ರೈಲು ಮ್ಯೂಸಿಯಂದಾಗ ಒಂದು ಪತ್ರ ಅದ. 1909ರಾಗ ಓಖಿಲ್ ಚಂದ್ರ ಸೇನ್ ಅನ್ನೂ ಬಂಗಾಲಿ ಪ್ರಯಾಣಿಕ ಬರದದ್ದು. ಹಲಸಿನಹಣ್ಣು ಭಾಳ ತಿಂದು ಹೊಟ್ಟಿ ಉಬ್ಬಿ ಅಹಮದಪುರ ಸ್ಟೇಷನ್ನಿನಾಗ ಬಯಲಕಡಿಗೆ ಇಳದಿದ್ದ. ನಮ್ಮ ಲಾತೂರ ಜಿಲ್ಲಾದ ಅಹಮದಪುರ ಅಲ್ಲ, ಬಂಗಾಲದ ಕಡೇದು. ಕುಂತಿರೂದರಾಗೇ ಗಾರ್ಡ ಸೀಟಿ ಊದಿದ. ಒಂದು ಕೈಯಾಗ ತಂಬಿಗಿ, ಒಂದು ಕೈಯಾಗ ಧೋತರ ಹಿಡದು ಓಡಿದ, ಎಲ್ಲರ ಮುಂದ ಬಿದ್ದ, ಗಾಡಿ ಹೋಯ್ತು. ಮಾನ ಹೋದ ಸಿಟ್ಟಿನಾಗ ಬರದ ಪತ್ರ ಅದು. ಸಾದಾ ಡಬ್ಬಿಗಳಿಗೂ ಸಂಡಾಸು ಬಂದದ್ದು ಅದರ ಮ್ಯಾಲೇ ಅಂತ ಹೇಳ್ತಾರ.

ಅತ್ತಿ: ಅಯ್ಯ, ಪಾಪ! ನಗಬಾರದು. ಆದ್ರ ನಗು ಬರ್ತದ.

ಅಳಿಯ: ಗಾಂಧೀಜಿ 1917ರಾಗ ಮೂರನೇ ಕ್ಲಾಸಿನ ಮ್ಯಾಲ ಒಂದು ಲೇಖನನೇ ಬರದ್ರು. ಮುಂಬೈಯಿಂದ ಮದ್ರಾಸಿಗೆ ಹೋದ ಪ್ರವಾಸ ಅದು, ಅಂದ್ರ ನಮ್ಮ ಸೊಲ್ಲಾಪುರ, ಕಲಬುರಗಿ ಹಾದಿ. ತಿಕೀಟಿಗೆ 13 ರೂಪಾಯಿ 9 ಆಣೆ ಕೊಟ್ಟಿದ್ರು. 22 ಮಂದಿ ಅಂತ ಬರದ ಡಬ್ಬಿಯೊಳಗ 35 ಮಂದಿತನಕ ತುಂಬಿದ್ರಂತ. ರಾಯಚೂರ ಮುಟ್ಟಿದ ಮ್ಯಾಲ ಇಕ್ಕಟ್ಟು ತಡಕೊಳ್ಳಲಾರದಷ್ಟು ಆಯ್ತು ಅನ್ನೂ ಅರ್ಥದಾಗ ಬರದಾರ. ನೂರು ವರ್ಷ ದಾಟಿತು. ಈಗಿನ ಜನರಲ್ ಡಬ್ಬಿ ಹತ್ತಿ ನೋಡು.

ಅತ್ತಿ: ಹತ್ತಿ ನೋಡಲಾಕ ಹೇಳ್ತೇನು ನಂಗ? ಕಲಬುರಗಿಗಿ ಶರಣಬಸಪ್ಪನ ಜಾತ್ರಿಗಿ ಹೋದಾಗ ಸಂಡಾಸದ ಬಾಗಲಿಗಿ ಆತು ನಿಂತು ಹೋಗೀನಿ. ಅಲ್ಲೇ ಕಟ್ಟಿದ್ದು ಇದು.

ಕುಂದ್ರಾಕ ಜಾಗಿಲ್ಲ ನಮಗ, ನಿಂದ್ರಾಕ ಜಾಗಿಲ್ಲ ನಮಗ,
ಒಂದ ಕಾಲಿಲೆ ನಿಂತೀನಿ – ಟೀಸಪ್ಪ
ಅರ್ಧಾ ತಿಕೀಟ ಹರಿಯಪ್ಪ.

ಅಳಿಯ: ಒಂದು ಕಾಲಿಗೆ ಅರ್ಧ ತಿಕೀಟು! ಇದು ಖರೇನೇ ಆಗಿತ್ತಲ್ಲ ಅತ್ತಿ. 58 ತುಂಬಿದ ಹೆಣ್ಣುಮಕ್ಕಳಿಗೆ ಅರ್ಧ, 60 ತುಂಬಿದ ಗಂಡಸರಿಗೆ ನೂರಕ್ಕ 40 ರಿಯಾಯಿತಿ ಇತ್ತು. 2020ರ ಮಾರ್ಚಿನಾಗ ಕೊರೋನಾ ಅಂತ ತಗದ್ರು, ಮತ್ತ ಕೊಡಲಿಲ್ಲ. ಪ್ಯಾಸೆಂಜರ್ ಗಾಡಿಗಳಿಗೂ ಹಂಗೇ ಆಯ್ತು. ಹೆಸರು ಬದಲಿಸಿ ಸ್ಪೆಷಲ್ ಅಂದ್ರು, ಹತ್ತು ರೂಪಾಯಿ ತಿಕೀಟಿನ ಜಾಗಾದಾಗ ಮೂವತ್ತು ತಗೊಂಡ್ರು. ಗಾಡಿ ಅದೇ, ಹಳಿ ಅದೇ, ನಿಲ್ಲೂ ಸ್ಟೇಷನ್ನೂ ಅವೇ. 2024ರ ಫೆಬ್ರುವರಿಯಾಗ ಹತ್ತಕ್ಕ ಇಳಿಸಿದ್ರು. ಕೂಲಿಗೆ ಹೋಗವರಿಗೆ ದಿನಾ ಹೋಗಿಬರೂದಕ್ಕ ನಲವತ್ತು ರೂಪಾಯಿ ವ್ಯತ್ಯಾಸ ಅಂದ್ರ ಸಣ್ಣ ಮಾತಲ್ಲ.

ಅತ್ತಿ: ಬಸ್ಸಿನ ಮಾತು ಬಿಟ್ಟಿ ನೀ. ನಮ್ಮ ಯಸ್ಟಿಯೊಳಗ ಹೆಂಗಸರಿಗಿ ಅರ್ಧಾ. ಕರ್ನಾಟಕದ ಬಸ್ಸಿನಾಗ ಹೆಂಗಸರಿಗಿ ಪುಕ್ಕಟ್ಟ. ಮುರುಮ, ಆಳಂದ ಹಾಯ್ದು ಕಲಬುರಗಿಗಿ ಹೋಗ್ಬೇಕಂದ್ರ ಕಂಡಕ್ಟರ ಆಧಾರ ಕಾರ್ಡ ಕೇಳ್ತಾನ. ನಾ ಕನ್ನಡದಾಗ ಮಾತಾಡ್ತೀನಿ, ಅಂವ ಕನ್ನಡದಾಗ ಮಾತಾಡ್ತಾನ. ಕಾರ್ಡಿನ ಮ್ಯಾಲ ಮಹಾರಾಷ್ಟ್ರ ಅಂತದ, ಪೂರಾ ತಿಕೀಟ ಹರೀತಾನ. ಬಾಜೂಕ ಕುಂತ ಆಳಂದದ ನನ್ನ ನೆಗೆಣ್ಣಿ ಪುಕ್ಕಟ್ಟ ಬರ್ತಾಳ. ಇಬ್ಬರೂ ಒಂದೇ ಮನಿ ಸೊಸೆಂದ್ರು.

ಅಳಿಯ: 2023ರ ಮಾರ್ಚಿಗೆ ಮಹಾರಾಷ್ಟ್ರದ ಅರ್ಧ ತಿಕೀಟು, ಜೂನಿಗೆ ಕರ್ನಾಟಕದ ಶಕ್ತಿ ಯೋಜನೆ. ಎರಡೂ ಒಳ್ಳೇವೇ, ಹೆಣ್ಣುಮಕ್ಕಳು ಮನಿ ಬಿಟ್ಟು ಹೊರಗ ಬರಲಾಕ ಹಾದಿ ಮಾಡಿಕೊಟ್ಟಾವ. ಗಡಿಯ ಮ್ಯಾಲ ಕುಂತವರ ಲೆಕ್ಕ ಮಾತ್ರ ಯಾವ ಸರಕಾರನೂ ಹಾಕಲಿಲ್ಲ. ನೀ ಇದರ ಮ್ಯಾಲ ಪದ ಕಟ್ಟಿಲ್ಲೇನು?

ಅತ್ತಿ: ನೆಗೆಣ್ಣಿ ಕಟ್ಯಾಳ. ನನ್ನ ಮ್ಯಾಲೇ ಕಟ್ಯಾಳ. ಅದನ್ನ ಆಕೀ ಕಡಿಂದೇ ಕೇಳು, ನಾ ಹೇಳೂದಿಲ್ಲ.

ಅಳಿಯ: ಆತು, ಆಳಂದಕ್ಕ ಹೋಗ್ತೀನಿ. ಗಡಿ ಮಾತು ಬಂತಂತ ಇನ್ನೊಂದು ಕೇಳ್ತೀನಿ. 2017ರಾಗ ಲಾತೂರ–ಮುಂಬೈ ಎಕ್ಸ್‌ಪ್ರೆಸ್ ಬೀದರತನಕ ಒಯ್ದಾಗ ಲಾತೂರದಾಗ ದೊಡ್ಡ ಗದ್ದಲಾ ಆಯ್ತು. ನಮ್ಮ ಗಾಡಿ ಕಸಗೊಂಡ್ರು, ಬೀದರದವರೇ ಸೀಟು ತುಂಬಿಕೊಂಡು ಬರ್ತಾರ ಅಂತ ರಸ್ತೆಗೆ ಇಳದ್ರು. ಬೀದರದವರು ಮುಂಬೈಗೆ ನಮಗೂ ಒಂದು ಗಾಡಿ ಬ್ಯಾಡೇನು ಅಂದ್ರು. ಪೇಪರದಾಗ ಇದು ಮರಾಠಿ–ಕನ್ನಡ ಜಗಳದಂಗ ಕಂಡಿತು.

ಅತ್ತಿ: ಉದಗೀರದವರನ್ನ ಯಾರಾದ್ರೂ ಕೇಳಿದ್ರೇನು?

ಅಳಿಯ: ಅವರಿಗೆ ಖುಷಿನೇ. ಮನಿ ಬಾಗಲಿಗೆ ಮುಂಬೈ ಗಾಡಿ.

ಅತ್ತಿ: ಖುಷಿ ಖರೇ. ಆದ್ರ ಅಲ್ಲಿ ನಮ್ಮ ಬೀಗತಿ ಹೇಳಿದ್ದು ಬ್ಯಾರೆ ಅದ. ಬೀದರದಾಗ ಅರ್ಧ ಗಾಡಿ ತುಂಬ್ತದ, ಉಳದದ್ದು ಲಾತೂರದವರಿಗಂತ, ನಡುವ ಉದಗೀರದಾಕಿ ಇಬ್ಬರ ಕಾಲಾಗೂ ಸಿಕ್ಕೊಂಡು ನಿಂದರಬೇಕು. ಕನ್ನಡದವರು "ಸರಿಯವ್ವ" ಅಂತಾರ, ಮರಾಠಿಯವರು "ಸರಕಾ ಬಾಯಿ" ಅಂತಾರ. ಸರಿದೂ ಸರಿದೂ ನಾ ಪರಳಿಗೇ ಹೋಗಿ ಬೀಳ್ತೀನಿ ಅಂತಿದ್ಲು.

ಅಳಿಯ: 1956ರತನಕ ಉದಗೀರ, ನಿಲಂಗಾ ಬೀದರ ಜಿಲ್ಲಾದಾಗೇ ಇದ್ದುವು. ಆಮ್ಯಾಲ ಮರಾಠಿ ಕಡೆ ಹೋದುವು. ನಿನ್ನ ಬೀಗತಿ ಸರಿಯೂದು ಅವತ್ತಿನಿಂದನೇ ಶುರು ಆಗ್ಯದ. ನನಗನಿಸೂದು ಇಷ್ಟು, ಗಾಡಿ ಒಂದೇ ಇದ್ದಾಗ ಎರಡು ಊರು ಬಡದಾಡ್ತಾವ. ಬಡದಾಡಬೇಕಾದ್ದು ಇನ್ನೊಂದು ಗಾಡಿಗೆ. ಬೀದರ–ಕಲಬುರಗಿ ಹಾದಿ ನೋಡು. 1997–98ರ ಬಜೆಟ್ಟಿನಾಗ ಒಪ್ಪಿಗೆ, ಗಾಡಿ ಓಡಿದ್ದು 2017ರ ಅಕ್ಟೋಬರಿಗೆ. ಬರೇ 110 ಕಿಲೋಮೀಟರ್. ಒಪ್ಪಿಗೆ ಬಂದ ವರ್ಷ ಹುಟ್ಟಿದ ಹುಡುಗಿ ಮದಲನೇ ಗಾಡಿಯೊಳಗ ಕಾಲೇಜಿಗೆ ಹೋಗಿರಬೇಕು.

ಅತ್ತಿ: ಸೊಲ್ಲಾಪುರದಿಂದ ತುಳಜಾಪುರ, ಧಾರಾಶಿವಕ್ಕ ಹೊಸಾ ಹಳಿ ಹಾಕ್ತಾರಂತಲ್ಲ?

ಅಳಿಯ: 2019ರ ಜನವರಿಯಾಗ ಪ್ರಧಾನಿ ಸೊಲ್ಲಾಪುರಕ್ಕ ಬಂದಾಗ ಅದರ ಮಾತಾಯ್ತು. ಅಂಬಾಭವಾನಿಗೆ ಹೋಗೂ ಭಕ್ತರಿಗೆ ಅನುಕೂಲ ಆಗ್ತದ. ಅದು ಬಡಗಣಕ್ಕ ಹೋಗೂ ಹಾದಿ, ನಮ್ಮ ಕಡೆ ಹೊಳ್ಳೂದಿಲ್ಲ.

ಅತ್ತಿ: ಹೊಳ್ಳೂದಿಲ್ಲ ಅಂತ ಗೊತ್ತಿತ್ತು. ನೀ ಹೇಳು, ನಿನ್ನ ಪುಸ್ತಕದಾಗ ಈ ಪದಾ ಹ್ಯಾಂಗ ಹಾಕ್ತಿ? ಶುದ್ಧ ಮಾಡಿ ಹಾಕ್ತೇನು?

ಅಳಿಯ: ಇಲ್ಲ. ಒಂದಕ್ಷರ ಮುಟ್ಟೂದಿಲ್ಲ. ಹಲಸಂಗಿ ಗೆಳೆಯರು 1931ಕ್ಕ ಗರತಿಯ ಹಾಡು ಅಚ್ಚು ಹಾಕಿಸಿದ್ರು, ಹಲಸಂಗಿ ಅಂದ್ರ ಆಗಿನ ಇಂಡಿ ತಾಲೂಕು, ಇಲ್ಲಿಂದ ದೂರ ಇಲ್ಲ. ಅವರು ಕೂಡಿಸದಿದ್ರ ಎಷ್ಟು ಹೋಗಿಬಿಡ್ತಿತ್ತು. ಮರಾಠಿಯೊಳಗ ಹೇಮಾ ರಾಯರಕರ, ಗೀ ಪ್ವಾತ್ವಾಂ ಅನ್ನವರು ಊರೂರು ತಿರುಗಿ ಬೀಸುಕಲ್ಲಿನ ಓವಿ ಒಂದು ಲಕ್ಷಕ್ಕಿಂತ ಹೆಚ್ಚು ಕೂಡಿಸ್ಯಾರ. ಇಲ್ಲಿ ಗಡಿಯಾಗ ಕುಂತ ಕನ್ನಡದ ಪದ ಮಾತ್ರ ಎರಡೂ ಕಡೆಯವರ ಕೈತಪ್ಪಿ ಹೋಗ್ಯಾವ. ಅವರಿಗೆ ಇವು ಮರಾಠಿ ಅಲ್ಲ, ಇವರಿಗೆ ಇವು ಕರ್ನಾಟಕದ್ದಲ್ಲ. ನನಗ ಇದರ ಸಂಕಟ ಭಾಳ ಅದ ಅತ್ತಿ. ನೀ ಹಾಡೂ ಪದದಾಗ ಯಸ್ಟಿ, ತಿಕೀಟ, ಪುಢಾರಿ ಎಲ್ಲಾ ಬರ್ತಾವ, ಅರ್ಧ ಮಾತು ಆ ಕಡೇವು. ಅವನ್ನ ಆರಿಸಿ ತಗದ್ರ ಈ ಊರನ್ನೇ ತಗದಂಗ. ಸೊಲ್ಲಾಪುರದಿಂದ ರಾತ್ರಿ ಮುಂಬೈಗೆ ಹೋಗೂ ಗಾಡಿ ಸಿದ್ಧೇಶ್ವರ ಎಕ್ಸ್‌ಪ್ರೆಸ್. ಅದು ನಮ್ಮ ಸೊನ್ನಲಿಗೆಯ ಸಿದ್ಧರಾಮ, ಕನ್ನಡದಾಗ ವಚನ ಬರದ ಶರಣ. ಮುಂಬೈ ಸ್ಟೇಷನ್ನಿನಾಗ ಅವನ ಹೆಸರು ದಿನಾ ಕೂಗ್ತಾರ.

ಅತ್ತಿ: ಊರ ಹೆಸರು ಬದಲ ಮಾಡಬ್ಯಾಡ, ಅದೊಂದು ನನ್ನ ಮಾತು ಇಟಗೋ. ಯಾವ ಠೇಸನ್ನಿನಾಗ ಕಾದೀವಿ, ಎಲ್ಲಿ ಬಿದ್ದೀವಿ, ಯಾರು ನಕ್ಕಾರ, ಅದಿದ್ರೇ ಪದ. "ಒಂದೂರಾಗ" ಅಂತ ಬರದ್ರ ನಾ ಹಾಡಿದ್ದಲ್ಲ. ಮತ್ತ ಯಸ್ಟಿ ಕೆಟ್ಟ ಪದಕ್ಕ ನಿಮ್ಮ ದೊಡ್ಡವ್ವನ ಹೆಸರು ಮದಲ ಬರೀಬೇಕು. ಆಕಿ ಈಗಿಲ್ಲ, ಅದಕ್ಕ ಆಕೀದೇ ಮದಲ.

ಅಳಿಯ: ಬರೀತೀನಿ. ಉಮರ್ಗಾಕ್ಕ ರೈಲು ಬೇಕು ಅಂತ ಮಂದಿ ಎಷ್ಟೋ ವರ್ಷದಿಂದ ಕೇಳ್ಕೋತ ಬಂದಾರ. ಬಂದ್ರ ಈ ಪದಾ ಹಾಡವರು ಇರ್ತಾರೋ ಇಲ್ಲೋ ಅಂತ ನನಗ ಚಿಂತಿ.

ಅತ್ತಿ: ಬಂದ್ರ ಹೊಸಾವು ಹುಟ್ಟತಾವ. ನಾ ಒಂದು ಕಟ್ಟೇ ಇಟ್ಟೀನಿ.

ಉಮರಗಾಕ ಗಾಡಿ ಬಂದೀತು, ಊರೆಲ್ಲ ಹೂವ ಏರಸೀತು,
ಏರಬೇಕಂತ ಹೋದರ – ಬಾಗಿಲಾಗ
ಪುಢಾರಿ ಮಂದಿ ತುಂಬ್ಯಾರೊ.

ಅಳಿಯ: ಅತ್ತಿ, ಇನ್ನೂ ಹಳಿನೇ ಬಿದ್ದಿಲ್ಲ!

ಅತ್ತಿ: ಅದು ಬೀಳೂದರಾಗ ಇನ್ನೆರಡು ನುಡಿ ಕೂಡಸ್ತೀನಿ. ಕೆಳಗ ಹಾಳಿ ಖಾಲಿ ಬಿಡು.